ನವೆಂಬರ್ ಇಪ್ಪತ್ನಾಲ್ಕರ ಮಗುವಿಗೆ ಡಿಸೆಂಬರ್ ಹದಿನೈದರ ವಿಚಾರಣೆ

ಮಾನ್ಯರೇ,

ನನ್ನ ಗಂಡ ಈ ದೇಶದವನೋ ಹೊರದೇಶದವನೋ ಎಂದು ತೀರ್ಮಾನಿಸಲು ತಾವು ಡಿಸೆಂಬರ್ ಹದಿನೈದನೇ ತಾರೀಖನ್ನು ಗೊತ್ತುಮಾಡಿದ್ದೀರಿ. ನನ್ನ ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನ ಎಂದು ಬರೆದಿರುವುದು ನವೆಂಬರ್ ಇಪ್ಪತ್ನಾಲ್ಕು. ಆ ಕಾರ್ಡಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ತಮ್ಮ ಕೈಗೇ ಕೊಟ್ಟಿದ್ದೆ. ತಾವು ಅದನ್ನು ನೋಡಿದಿರಿ, ನನ್ನ ಹೊಟ್ಟೆಯನ್ನೂ ನೋಡಿದಿರಿ, ಕ್ಯಾಲೆಂಡರಿನ ಹಾಳೆ ಮಗುಚಿ ಡಿಸೆಂಬರ್ ಹದಿನೈದು ಎಂದಿರಿ. ಮಗು ಹುಟ್ಟುವ ಹೊತ್ತಿಗೆ ಅಪ್ಪನ ಮೇಲೆ ಯಾವ ಹಣೆಪಟ್ಟಿ ಇರುತ್ತದೆಯೋ ಅದರ ಮೇಲೆ ಮಗುವಿನ ಪೌರತ್ವ ನಿಲ್ಲುತ್ತದೆ ಎಂದು ನನಗೆ ಮೊದಲು ತಿಳಿಸಿದವರೇ ತಾವು. ಹಾಗಾಗಿ ಗೊತ್ತಿಲ್ಲದೆ ಆಯಿತು ಎಂದು ಹೇಳಲು ತಮಗೆ ದಾರಿಯಿಲ್ಲ.

ವಿಚಾರಣೆ ಬೇಗ ನಡೆಸಿ ಎಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಒಂದಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ತಮ್ಮ ಹೆಸರು ಬರೆದಿಲ್ಲ, ಕಚೇರಿಯ ಹೆಸರೂ ಬರೆದಿಲ್ಲ. ನಮ್ಮ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೆ ಗೊತ್ತಾದರೆ ಸಾಕು.

ನನ್ನ ಹೆಸರು ಜಯಶ್ರೀ. ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೂ ಅವರ ತಾಯಂದಿರಿಗೂ ನಾನು ಅಕ್ಕೋರು. ತವರು ಅಂಕೋಲೆಯ ಕೇಣಿ, ಗದ್ದೆ ಮಾಡುವ ಮನೆ. ಗಂಡ ನಿತೇಶ, ಪಂಪ್ ರಿಪೇರಿ ಮಾಡುವವನು, ಮನೆಯಲ್ಲಿ ಕೊಂಕಣಿ ಆಡುವವನು. ಎರಡು ಮಾತಿನ ಮನೆಗಳು ಒಂದಾಗುವುದೆಂದರೆ ಸುಲಭವೇ? ನಮ್ಮ ಮದುವೆಯ ಸಮಯದಲ್ಲಿ ಎರಡೂ ಕಡೆಯವರು ಆರು ತಿಂಗಳು ಮುಖ ಊದಿಸಿಕೊಂಡಿದ್ದರು. ಆಗ ಎಲ್ಲರೂ ಎಲ್ಲ ಪ್ರಶ್ನೆ ಕೇಳಿದ್ದರು: ಜಾತಕ ಕೂಡುತ್ತದೋ, ಹುಡುಗ ಕುಡಿಯುತ್ತಾನೋ, ಹುಡುಗಿಗೆ ಮೀನು ಹೆಚ್ಚಲು ಬರುತ್ತದೋ. ಹುಡುಗ ಯಾವ ದೇಶದವನು ಎಂದು ಕೇಳುವ ಬುದ್ಧಿ ಮಾತ್ರ ಯಾರಿಗೂ ಹೊಳೆಯಲಿಲ್ಲ. ಆ ದಡ್ಡತನವನ್ನು ಈಗ ತಾವು ತಿದ್ದುತ್ತಿದ್ದೀರಿ.

ನಿತೇಶ ಹುಟ್ಟಿದ್ದು ಅರ್ಗಾದಲ್ಲಿ, ಈಗ ನೌಕಾನೆಲೆಯ ಕಾಂಪೌಂಡಿನ ಒಳಗಾಗಿರುವ ಒಂದು ಮನೆಯಲ್ಲಿ. ಅವನಿಗೆ ಏಳು ವರ್ಷವಾದಾಗ ಆ ಮನೆಯನ್ನೂ ತೆಂಗಿನ ಮರಗಳನ್ನೂ ನೌಕಾನೆಲೆಗೆ ಬಿಟ್ಟುಕೊಟ್ಟು ಅವರೆಲ್ಲ ತೋಡೂರಿಗೆ ಬಂದರು. ದೇಶಕ್ಕಾಗಿ ಮನೆ ಬಿಟ್ಟ ಕುಟುಂಬ ಎಂದು ಸರ್ಕಾರದ ಗುರುತಿನ ಚೀಟಿ ಇದೆ. ನನ್ನ ಅತ್ತೆ ಹೀರಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಯಾವ ದೇಶಕ್ಕಾಗಿ ಬಿಟ್ಟಿದ್ದು ಎಂದು ಅದರಲ್ಲಿ ಬರೆದಿಲ್ಲ. ಪೋರ್ಚುಗಲ್ಲಿನ ಲಿಸ್ಬನ್ನಿನವರು ಬಂದು ಅರ್ಗಾದಲ್ಲಿ ಹಡಗು ಕಟ್ಟುತ್ತಿದ್ದಾರೆ ಎಂದು ಅತ್ತೆ ಭಾವಿಸಿರಲಿಕ್ಕಿಲ್ಲ.

ಈಗ, ಇದಕ್ಕೆಲ್ಲ ಕಾರಣವಾದ ಒಂದು ಸಹಿಯ ಕಥೆ. ತಮಗೆ ಗೊತ್ತಿರುವುದೇ, ಆದರೆ ತಮ್ಮ ಕಡತದಲ್ಲಿ ಅದು ಅರ್ಧ ಮಾತ್ರ ಇದೆ.

ಅತ್ತೆಯ ತವರು ಗೋವೆಯ ಲೋಲಿಯೆ, ನಮ್ಮ ಮಾಜಾಳಿ ಗಡಿ ದಾಟಿದರೆ ಕೂಗಳತೆಯ ದೂರ. ಹುಟ್ಟಿದ್ದು ಅರವತ್ತರಲ್ಲಿ, ಪೋರ್ಚುಗೀಸರ ಆಡಳಿತವಿದ್ದಾಗ. ಹಾಗೆ ಹುಟ್ಟಿದವರೂ ಅವರ ಮಕ್ಕಳೂ ಲಿಸ್ಬನ್ನಿನಲ್ಲಿ ಜನನ ನೋಂದಣಿ ಮಾಡಿಸಿದರೆ ಆ ದೇಶದ ಪ್ರಜೆಗಳಾಗಬಹುದು, ಅಲ್ಲಿಂದ ಯುರೋಪಿನ ಕೆಲಸಕ್ಕೆ ಹೋಗಬಹುದು. ಗೋವೆಯಲ್ಲಿ ಇದು ಗುಟ್ಟಲ್ಲ, ಅದಕ್ಕೆಂದೇ ಏಜೆಂಟರಿದ್ದಾರೆ. ಅಂಥ ನೋಂದಣಿಯಾದರೆ ಭಾರತದ ಪೌರತ್ವ ಹೋಗುತ್ತದೆ ಎನ್ನುವುದನ್ನು ಮಾತ್ರ ಏಜೆಂಟರು ಸಣ್ಣ ದನಿಯಲ್ಲಿ ಹೇಳುತ್ತಾರೆ.

ಅತ್ತೆಯ ಅಣ್ಣ ಮಧುಕರ ಮಾವನಿಗೆ ಮಗ ಕಿಶನನನ್ನು ಇಂಗ್ಲೆಂಡಿಗೆ ಕಳಿಸುವ ಆಸೆ. ಗೋವೆಯಲ್ಲಿ ಮನೆತನದ ಯಾವ ಕಾಗದಕ್ಕಾದರೂ ಅಕ್ಕತಂಗಿಯರ ಸಹಿ ಬೇಕು. ಅಕ್ಕತಂಗಿಯರೆಲ್ಲ ಒಟ್ಟಿಗೆ ಸಿಗುವುದು ಚೌತಿಗೆ. ಹಾಗಾಗಿ ಆ ಕಡೆಯ ಮನೆಗಳಲ್ಲಿ ಗಣಪತಿಗೆ ಆರತಿಯಾಗಿ, ಊಟವಾಗಿ, ಎಲೆ ಎತ್ತಿದ ಮೇಲೆ ಕಾಗದಗಳು ಹೊರಗೆ ಬರುತ್ತವೆ. ಹನ್ನೆರಡು ವರ್ಷಗಳ ಹಿಂದಿನ ಚೌತಿಯಲ್ಲೂ ಹಾಗೆಯೇ ಬಂದವು. ಗಣಪತಿಯ ನೆತ್ತಿಯ ಮೇಲೆ ಕಾಡುಕಾಯಿ, ಅಡಿಕೆ ಗೊನೆ, ಸೌತೆಕಾಯಿ ಕಟ್ಟಿದ ಮಾಟೊಳಿ ತೂಗುತ್ತಿತ್ತಂತೆ. ಅದರ ಕೆಳಗೆ ಚಾಪೆಯ ಮೇಲೆ ಕೂತು ಅತ್ತೆ ಸಹಿ ಹಾಕಿದರು. ಇಪ್ಪತ್ತೊಂದು ವರ್ಷದ ನಿತೇಶನ ಮುಂದೆಯೂ ಮಾವ ಒಂದು ಹಾಳೆ ಇಟ್ಟು, “ಹಾಂಗಾ ಸಯ್ ಕರ್ ರೆ,” ಇಲ್ಲಿ ಸಹಿ ಹಾಕೋ, ಎಂದರು. ಅಕ್ಷರ ಇಂಗ್ಲಿಷಿನದು, ಮಾತು ಇಂಗ್ಲಿಷಲ್ಲ. ಅಜ್ಜನ ಮನೆಯ ಕಾಗದ ಇರಬೇಕೆಂದು ಅವನು ಸಹಿ ಹಾಕಿ, ಕೈ ತೊಳೆದು, ಭಜನೆಗೆ ಝಾಂಜು ತಾಳ ಹಿಡಿದುಕೊಂಡ. ದೇವರ ಮುಂದೆ, ಸೋದರಮಾವ ಕೊಟ್ಟ ಹಾಳೆಯನ್ನು ಓದಿ ನೋಡುತ್ತೇನೆ ಎನ್ನುವ ಸೊಕ್ಕಿನ ಅಳಿಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಮಾವ ಕೇಡು ಬಯಸಿ ಮಾಡಿದ್ದೂ ಅಲ್ಲ. ತಂಗಿಯ ಮಗನಿಗೂ ಒಂದು ದಾರಿ ಇರಲಿ ಎಂದುಕೊಂಡರಂತೆ. ಹೇಳಲು ಮಾತ್ರ ಮರೆತರು.

ಅದು ಲಿಸ್ಬನ್ನಿನ ನೋಂದಣಿಯ ಹಾಳೆ ಎಂದು ನಮಗೆ ಗೊತ್ತಾಗಿದ್ದು ಈ ಮೇ ತಿಂಗಳಲ್ಲಿ. ನಾನು ಬಸುರಿ ಎಂದು ತಿಳಿದು ಕಿಶನ ಇಂಗ್ಲೆಂಡಿನಿಂದ ಫೋನ್ ಮಾಡಿದ. “ಕಾಂಗ್ರಾಟ್ಸ್ ವಹಿನಿ,” ಎಂದ. ವಹಿನಿ ಎಂದರೆ ಅತ್ತಿಗೆ. “ಮಗುವಿಂದೂ ಅಲ್ಲಿ ರಿಜಿಸ್ಟರ್ ಮಾಡ್ಸಿಬಿಡಿ. ನಿತೇಶಂದು ಹ್ಯಾಂಗೂ ಆಗಿದೆ ಅಲ್ಲ?” ನನ್ನ ಕೈಯಲ್ಲಿದ್ದ ಮಾವಿನಕಾಯಿ ಹೋಳು ಕೈಯಲ್ಲೇ ಉಳಿಯಿತು. ಮಗುವಿಗೆ ಬಂದ ಮೊದಲ ಉಡುಗೊರೆ ಅದು.

ನಿತೇಶ ಸುಮ್ಮನಿರೋಣ ಎಂದ. ಅವನು ಆ ದೇಶದ ಪಾಸ್‌ಪೋರ್ಟ್ ತೆಗೆದವನಲ್ಲ, ವಿಮಾನ ಹತ್ತಿದವನಲ್ಲ. ಗೋವೆ ಬಿಟ್ಟರೆ ಅವನು ಕಂಡ ಪರದೇಶ ಹುಬ್ಬಳ್ಳಿ. “ಯಾರಿಗ್ ಗೊತ್ತಾಗ್ತದೆ ಮಾರಾಯ್ತಿ? ಹನ್ನೆರಡು ವರ್ಷ ಎಂತಾ ಆಗ್ಲಿಲ್ಲ,” ಎಂದ. ಅವನು ಗುತ್ತಿಗೆದಾರನ ಕಡೆಯಿಂದ ನೌಕಾನೆಲೆಯೊಳಗೆ ಪಂಪ್ ರಿಪೇರಿಗೆ ಹೋಗುತ್ತಿದ್ದ. ಜೂನಿನಲ್ಲಿ ಗೇಟ್ ಪಾಸ್ ನವೀಕರಣ, ಪೊಲೀಸ್ ಪರಿಶೀಲನೆ. ಮುಚ್ಚಿಟ್ಟು ಸಹಿ ಹಾಕಿದರೆ ಅದು ಸುಳ್ಳಾಗುತ್ತದೆ, ನಾವೇ ಹೋಗಿ ಹೇಳಿಬಿಡೋಣ, ಸರ್ಕಾರ ನಮ್ಮದು ಎಂದು ಹಟ ಹಿಡಿದವಳು ನಾನು. ಹತ್ತು ವರ್ಷ ಸರ್ಕಾರದ ಕೆಲಸ ಮಾಡಿದವಳ ಗರ್ವ ಅದು. ನಿತೇಶನನ್ನು ತಮ್ಮ ಬಾಗಿಲಿಗೆ ಕರೆತಂದದ್ದು ಯಾವ ಬೇಹುಗಾರನೂ ಅಲ್ಲ, ಅವನ ಹೆಂಡತಿ.

ಆ ದಿನ ತಾವು ಎದ್ದು ನಿಂತು ನನಗೆ ಕುರ್ಚಿ ಎಳೆದು ಕೊಟ್ಟಿರಿ. ಅದನ್ನು ಮರೆತಿಲ್ಲ. ಕೂಗಾಡಿದ್ದರೆ, ಹೊರಗೆ ನಿಲ್ಲಿಸಿದ್ದರೆ ನಾನು ಎಚ್ಚರವಾಗಿರುತ್ತಿದ್ದೆ. ತಾವು ನೀರು ತರಿಸಿದಿರಿ. “ಅಕ್ಕೋರೇ, ಹೆದರೂದು ಎಂತಕ್ಕೆ? ನೀವಾಗೇ ಬಂದು ಹೇಳ್ತಿದ್ರಿ ಅಂದ್ರೆ ಅದೇ ದೊಡ್ಡ ವಿಷಯ. ಒಂದು ಹೇಳಿಕೆ ಕೊಡಿ, ಒಂದು ಕಾಗದದಲ್ಲಿ ಮುಗೀತದೆ,” ಎಂದಿರಿ. ನಿತೇಶನನ್ನು ಕೇಳಿದಿರಿ, “ಸಹಿ ನಿಮ್ದೇ ಹೌದಲ್ಲ?” ಅವನು, “ಹೌದು ಸರ್, ನಂದೇ. ಆದ್ರೆ ಎಂತಾ ಕಾಗದ ಹೇಳಿ ಗೊತ್ತಿರ್ಲಿಲ್ಲ, ಮಾವ ಕೊಟ್ರು, ಮಾಡ್ದೆ,” ಎಂದ. ಗುಮಾಸ್ತರು ಟೈಪ್ ಮಾಡಿದರು. ತಾವು ಬೆರಳಿಟ್ಟು ತೋರಿಸಿದ ಕಡೆ ಅವನು ಸಹಿ ಹಾಕಿದ, ಸಾಕ್ಷಿಯಾಗಿ ನಾನೂ ಹಾಕಿದೆ. ಇಬ್ಬರೂ ಓದಲಿಲ್ಲ. ಕುರ್ಚಿ ಕೊಟ್ಟವರು ಕೊಟ್ಟ ಹಾಳೆಯನ್ನು ಓದಿ ನೋಡುವುದು ಮರ್ಯಾದೆಯಲ್ಲ ಅನ್ನಿಸಿತು. ಮಧುಕರ ಮಾವನನ್ನು ಅವನು ನಂಬಿದ ಹಾಗೆ ನಾನು ತಮ್ಮನ್ನು ನಂಬಿದೆ.

ನೋಟಿಸು ಬಂದದ್ದು ಆಗಸ್ಟಿನಲ್ಲಿ, ಚೌತಿಯ ಹಿಂದಿನ ದಿನ. ಅದರಲ್ಲಿ ನಮ್ಮ ಹೇಳಿಕೆಯಿಂದ ಎತ್ತಿಕೊಂಡ ಸಾಲು ಹೀಗಿದೆ: “ಸದರಿಯವರು ನೋಂದಣಿ ಪತ್ರದಲ್ಲಿನ ಸಹಿ ತಮ್ಮದೇ ಎಂದು ಸ್ವಇಚ್ಛೆಯಿಂದ ಒಪ್ಪಿಕೊಂಡಿರುತ್ತಾರೆ.” ಪೂರ್ಣವಿರಾಮ. ‘ಆದ್ರೆ’ ಎಂದು ಶುರುವಾದ ಮಾತು ಎಲ್ಲಿ ಹೋಯಿತು, ಮಾನ್ಯರೇ? ಆಮೇಲೆ ಹೇಳಿಕೆಯ ನಕಲು ತೆಗೆಸಿ ಓದಿದೆ. ಅದರಲ್ಲೂ ಇಲ್ಲ. ತಾವು ಕೇಳಿಸಿಕೊಂಡಿದ್ದಿರಿ, ತಲೆಯನ್ನೂ ಆಡಿಸಿದ್ದಿರಿ. ನನ್ನ ಗಂಡನ ಜೀವನವೆಲ್ಲ ನಿಂತಿರುವ ಆ ಅರ್ಧ ಮಾತನ್ನು ಟೈಪ್ ಮಾಡಲು ಎಷ್ಟು ಹೊತ್ತು ಬೇಕಾಗಿತ್ತು?

ನೋಟಿಸಿನ ಪ್ರಕಾರ ನಿತೇಶ ಅನುಮತಿ ಪತ್ರವಿಲ್ಲದೆ ವಾಸವಿರುವ ವಿದೇಶಿ. ಅವನು ಪ್ರತಿ ಸೋಮವಾರ ಕಾರವಾರಕ್ಕೆ ಬಂದು ತಮ್ಮ ಪುಸ್ತಕದಲ್ಲಿ ಸಹಿ ಹಾಕಬೇಕು. ನೌಕಾನೆಲೆಯ ಆಸುಪಾಸಿನಲ್ಲಿ ಕಾಣಿಸಿಕೊಳ್ಳಬಾರದು. ಇವೆರಡನ್ನೂ ಬರೆದವರು ಒಮ್ಮೆಯಾದರೂ ತೋಡೂರಿನಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬಂದಿದ್ದಾರೆಯೇ? ಅರ್ಗಾ ದಾಟದೆ ಬರುವ ರಸ್ತೆ ಯಾವುದು? ದೋಣಿಯಲ್ಲಿ ಬರೋಣವೆಂದರೆ ಆ ನೀರೂ ನೌಕಾಪಡೆಯದೇ. ಅವನು ಪ್ರತಿ ಸೋಮವಾರ ತಮ್ಮ ಆಜ್ಞೆಯನ್ನು ಪಾಲಿಸಲು ಹೊರಟು, ದಾರಿಯಲ್ಲಿ ತಮ್ಮ ಆಜ್ಞೆಯನ್ನು ಮುರಿದು, ತಮ್ಮೆದುರು ಬಂದು ನಿಲ್ಲುತ್ತಿದ್ದಾನೆ. ಅರ್ಗಾ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಕೂರುತ್ತಾನೆ. ಅವನು ಹುಟ್ಟಿದ ಮನೆಯ ಬಾವಿಕಟ್ಟೆ ಆ ಕಾಂಪೌಂಡಿನೊಳಗೆ ಎಲ್ಲೋ ಇದೆ. ಪಂಪ್ ರಿಪೇರಿಗೆ ಹೋದಾಗ ಒಮ್ಮೆ ನೋಡಿ ಬಂದಿದ್ದ. ಈಗ ಆ ಕೆಲಸವೂ ಇಲ್ಲ.

ಅಕ್ರಮ ವಲಸಿಗ ಎನ್ನುವ ಪದ ಕಡತದೊಳಗೆ ಓಡಾಡುತ್ತಿದೆ ಎಂದು ತಮ್ಮ ಗುಮಾಸ್ತರೇ ಹೇಳಿದರು. ವಲಸೆ ಬಂದವನು ಎಲ್ಲಿಂದಲೋ ಬಂದಿರಬೇಕಲ್ಲವೇ? ಇವನು ಎಲ್ಲಿಂದ ನುಸುಳಿದ? ಹೀರಾಬಾಯಿಯವರ ಹೊಟ್ಟೆಯಿಂದ, ಅರ್ಗಾದ ಮನೆಯ ನಡುಕೋಣೆಗೆ. ಆ ಗಡಿಯಲ್ಲಿ ಆ ದಿನ ಪಹರೆ ಇದ್ದವಳು ಒಬ್ಬ ಸೂಲಗಿತ್ತಿ. ಬೇಕಿದ್ದರೆ ಅವಳಿಗೂ ಒಂದು ನೋಟಿಸು ಕಳಿಸಿ.

ಸೆಪ್ಟೆಂಬರಿನಲ್ಲಿ ನಡೆದದ್ದು ತಮಗೆ ಬಹುಶಃ ಗೊತ್ತಿಲ್ಲ. ಅಂಗನವಾಡಿ ಕೆಲಸದ ಜೊತೆಗೆ ನಾನು ನಮ್ಮ ಮತಗಟ್ಟೆಯ ಅಧಿಕಾರಿಯೂ ಹೌದು. ಮತದಾರರ ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು, ಮನೆಮನೆಗೆ ಹೋಗಿ ಪರಿಶೀಲಿಸುವುದು ನನ್ನ ಪಾಲಿನದು. ತೆಗೆಯಬೇಕಾದವರ ಪಟ್ಟಿ ಬಂತು. ಐದು ಹೆಸರು. ನಾಲ್ವರು ತೀರಿಕೊಂಡವರು, ಐದನೆಯವನು ನಿತೇಶ. ನಿಯಮದಂತೆ ಮನೆಗೆ ಹೋಗಬೇಕು, ಬಾಗಿಲಿಗೆ ನೋಟಿಸು ಅಂಟಿಸಬೇಕು, ಒಂದು ಪ್ರತಿ ಕೈಗೆ ಕೊಟ್ಟು ಸಹಿ ಪಡೆಯಬೇಕು. ಬೇರೆಯವರನ್ನು ಕಳಿಸಿ ಎಂದು ಕೇಳಿದೆ, ಆಗುವುದಿಲ್ಲ ಎಂದರು. ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ, ಅಂಗನವಾಡಿಯ ಗೋಂದು ಹಿಡಿದುಕೊಂಡು ನನ್ನ ಮನೆಗೇ ಹೋದೆ. ನಾನು ಬಾಗಿಲಿಗೆ ಕಾಗದ ಅಂಟಿಸುವ ಸದ್ದಿಗೆ ಅತ್ತೆ ಒಳಗಿನಿಂದ, “ಕೋಣ ಆಯ್ಲೊ ಗೊ?” ಯಾರೇ ಬಂದದ್ದು, ಎಂದು ಕೇಳಿದರು. ಸರ್ಕಾರ ಬಂದಿದೆ ಎನ್ನಬೇಕಿತ್ತು. ನಾನೇ ಎಂದೆ.

ನಿತೇಶ ಹಾಳೆ ತೆಗೆದುಕೊಂಡ. ನಾನು ಪೆನ್ನು ಕೊಟ್ಟೆ. ಅವನು ಕನ್ನಡಿಯ ಹಿಂದಿಟ್ಟಿದ್ದ ಕನ್ನಡಕ ಹುಡುಕಿ ಹಾಕಿಕೊಂಡು, “ತಡಿ. ಈ ಸಲ ಓದಿ ಮಾಡ್ತೆ,” ಎಂದ. ಎರಡು ಪುಟ, ಪ್ರತಿ ಸಾಲು ಓದಿದ. ಆಮೇಲೆ ಸಹಿ ಹಾಕಿದ. ನಾನು ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮಗು ಆ ದಿನ ಬಹಳ ಒದೆಯುತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಫೋನಿನಲ್ಲಿ ನುಸುಳುಕೋರರ ಸುದ್ದಿ ಬಂದಾಗಲೆಲ್ಲ ಹಿಡಿದು ಹೊರಗೆ ಹಾಕಬೇಕು ಎಂದು ತಲೆಯಾಡಿಸಿದವಳು ನಾನು. ಬೇರೆ ದೇಶದವರು ನಮ್ಮವರ ಕೈಗೆ ಬೇಡಿ ಹಾಕಿ ವಿಮಾನ ಹತ್ತಿಸಿ ಕಳಿಸಿದಾಗ ಮಾತ್ರ ಹೊಟ್ಟೆ ಉರಿಯಿತು, ಎರಡೂ ಒಂದೇ ಎಂದು ತಿಳಿಯಲಿಲ್ಲ. ಎರಡು ವರ್ಷದ ಹಿಂದೆ ಬಾದಾಮಿ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದ ಹೊನ್ನು ಎಂಬ ಹೆಂಗಸು ಪಟ್ಟಿಗೆ ಹೆಸರು ಸೇರಿಸಿ ಎಂದು ಮೂರು ಸಲ ಬಂದಿದ್ದಳು. ತಗಡಿನ ಶೆಡ್ಡಿಗೆ ವಿಳಾಸವೆಲ್ಲಿ, ದಾಖಲೆ ತನ್ನಿ, ಆಮೇಲೆ ನೋಡೋಣ ಎಂದು ನಾನು ಕಳಿಸಿದ್ದೆ. ಕುರ್ಚಿ ಕೂಡ ಕೊಟ್ಟಿರಲಿಲ್ಲ. ಆ ಆಮೇಲೆ ಎನ್ನುವ ಮಾತು ಕೇಳುವವರಿಗೆ ಹೇಗಿರುತ್ತದೆ ಎಂದು ಈಗ ಕಲಿತಿದ್ದೇನೆ.

ಬಸುರಿಯರಿಗೆ ಒಳ್ಳೆಯದನ್ನು ಓದಿ, ಒಳ್ಳೆಯದನ್ನು ಕೇಳಿ ಎಂದು ಅಂಗನವಾಡಿಯಲ್ಲಿ ನಾನೇ ಹೇಳಿಕೊಡುತ್ತೇನೆ. ನಾನು ಓದುತ್ತಿರುವುದು ಪೌರತ್ವ ಕಾಯ್ದೆ. ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಎಡಮಗ್ಗುಲಿಗೆ ಒರಗಿ ಫೋನಿನಲ್ಲಿ ಓದುತ್ತೇನೆ. ಬೇರೆ ಹೆಂಗಸರಿಗೆ ಹುಳಿ ತಿನ್ನುವ ಬಯಕೆಯಾದರೆ ನನಗೆ ಕಲಮುಗಳ ಬಯಕೆ. ಅಪ್ಪ ಅಮ್ಮ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಮಗು ಹುಟ್ಟುವ ಹೊತ್ತಿಗೆ ಅಕ್ರಮ ವಲಸಿಗ ಆಗಿರಬಾರದು. ಮಗು ಹುಟ್ಟುವ ಹೊತ್ತಿಗೆ. ಹುಟ್ಟಿದ ಮೂರು ವಾರಕ್ಕೆ ಎಂದು ಬರೆದಿಲ್ಲ. ಬಯಕೆಯ ಊಟ ಕಟ್ಟಿಕೊಂಡು ಕೇಣಿಯಿಂದ ಬಂದ ನನ್ನ ತಾಯಿ, ನಮ್ಮ ಅವ್ವಿ, ಸುಕ್ಕಿನುಂಡೆ ಬಾಯಿಗಿಟ್ಟು ನನ್ನ ಫೋನ್ ಕಸಿದುಕೊಂಡಳು. “ಎಂತಾ ಓದ್ತೆ ಮಗಾ ಯಾವಾಗ್ಲೂ? ಕೂಸು ಎಲ್ಲಿ ಹುಟ್ತದೋ ಅಲ್ಲೀದೇ ಆಗ್ತದೆ. ಅದ್ಕೂ ಕಾಗದ ಬೇಕಾ?” ಎಂದಳು. ಅವ್ವಿ ಶಾಲೆಯ ಮುಖ ನೋಡಿದವಳಲ್ಲ. ಅವಳಿಗೆ ಕಾಯ್ದೆಯನ್ನು ವಿವರಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ, ನಾಚಿಕೆಯಾಯಿತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮುಂದಿನ ವಾರ ಅವ್ವಿ ನನ್ನನ್ನು ಕೇಣಿಗೆ ಕರೆದೊಯ್ಯುತ್ತಾಳೆ. ನಿತೇಶ ಅನುಮತಿಯಿಲ್ಲದೆ ತೋಡೂರಿನ ವಿಳಾಸ ಬಿಟ್ಟು ಬೇರೆಡೆ ಉಳಿಯುವಂತಿಲ್ಲ. ಹೆರಿಗೆಯ ದಿನ ಅಂಕೋಲೆಯಲ್ಲಿರಲು ಅನುಮತಿ ಕೇಳಿದ್ದಕ್ಕೆ, ನಿಖರವಾದ ದಿನಾಂಕ ಮತ್ತು ಸಮಯ ನಮೂದಿಸಿ ಎಂದು ಅರ್ಜಿ ಮರಳಿ ಬಂದಿದೆ. ಸಮಯ ಗೊತ್ತಾದ ಕೂಡಲೇ ತಿಳಿಸುವಂತೆ ಮಗುವಿಗೆ ಹೇಳಿದ್ದೇನೆ.

ನನ್ನ ಅತ್ತೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಅವರ ಕಡತ ಬೇರೆ, ಅದರ ಸರದಿ ಇನ್ನೂ ಬಂದಿಲ್ಲವಂತೆ. ಅವರು ಪೋರ್ಚುಗೀಸರ ಪ್ರಜೆಯಾಗಿ ಹುಟ್ಟಿದವರು. ವರ್ಷ ತುಂಬಿದ ಮಗುವಾಗಿ ತೊಟ್ಟಿಲಲ್ಲಿ ಮಲಗಿದ್ದಾಗ ಗೋವೆಗೆ ಸ್ವಾತಂತ್ರ್ಯ ಬಂತು, ಎದ್ದಾಗ ಭಾರತದವರಾಗಿದ್ದರು. ಆಗ ಯಾರೂ ಆ ಮಗುವಿನ ಅಪ್ಪನ ಸಹಿ ಕೇಳಲಿಲ್ಲ, ಹೇಳಿಕೆ ಬರೆಸಿಕೊಳ್ಳಲಿಲ್ಲ. ದೇಶ ತಾನಾಗಿ ಬಂದು ತೊಟ್ಟಿಲಲ್ಲಿದ್ದ ಕೂಸನ್ನು ನನ್ನದು ಎಂದಿತು. ಅದೇ ದೇಶ ಈಗ ಅದೇ ಕೂಸಿನ ಮೊಮ್ಮಗು ತೊಟ್ಟಿಲಿಗೆ ಬರುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದೆ. ನನಗೆ ಇದರಿಂದ ಸಿಟ್ಟು ಬಂದಿದೆ ಎಂದರೆ ಪೂರ್ತಿ ನಿಜವಲ್ಲ. ನನಗೆ ಮೋಸವಾಗಿದೆ. ಹತ್ತು ವರ್ಷ ನಾನು ಮನೆಮನೆಗೆ ಹೋಗಿ, ಹೆದರಬೇಡಿ, ಸರ್ಕಾರಕ್ಕೆ ನಿಜ ಹೇಳಿ ಎಂದು ಹೇಳಿದ್ದೆ. ಆ ಮಾತನ್ನು ಇನ್ನು ಯಾವ ಮುಖ ಹೊತ್ತು ಹೇಳಲಿ?

ದಯೆ ತೋರಿಸಿ ಎಂದು ನಾನು ಕೇಳುತ್ತಿಲ್ಲ, ತೀರ್ಮಾನ ನಮ್ಮ ಪರವಾಗಿಯೇ ಇರಲಿ ಎಂದೂ ಕೇಳುತ್ತಿಲ್ಲ. ಕಳೆದುಹೋದ ಅರ್ಧ ಮಾತನ್ನು ಹೇಳಿಕೆಗೆ ಸೇರಿಸಿ. ಮಧುಕರ ಮಾವ ಬಂದು ಸಾಕ್ಷಿ ಹೇಳಲು ಸಿದ್ಧರಿದ್ದಾರೆ, ಅವರನ್ನು ಕರೆಯಿರಿ. ತಿಳಿದು ಹಾಕಿದ ಸಹಿಯೋ ತಿಳಿಯದೆ ಹಾಕಿದ್ದೋ ಎಂದು ವಿಚಾರಣೆ ಮಾಡಿ, ಅಲ್ಲಿಯವರೆಗೆ ಅವನ ಮೇಲೆ ಯಾವ ಹಣೆಪಟ್ಟಿಯನ್ನೂ ಅಂಟಿಸಬೇಡಿ. ಆ ವಿಚಾರಣೆಯನ್ನು ನವೆಂಬರ್ ಇಪ್ಪತ್ನಾಲ್ಕಕ್ಕಿಂತ ಮೊದಲು ಮಾಡಿ. ಕಳೆದ ಸಲ ಇದನ್ನು ಕೇಳಿದಾಗ ತಾವು ಅದೇ ಮೃದುವಾದ ದನಿಯಲ್ಲಿ, “ಅಕ್ಕೋರೇ, ಮೊದ್ಲು ಹೆರಿಗೆ ಸುಸೂತ್ರ ಆಗ್ಲಿ, ಉಳಿದದ್ದು ಆಮೇಲೆ ನೋಡ್ವ,” ಎಂದಿರಿ. ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ ಎಂದು ತಮಗೂ ಗೊತ್ತು, ನನಗೂ ಗೊತ್ತು.

ನನ್ನ ದಿನವನ್ನು ಮುಂದೆ ಹಾಕುವುದು ನನ್ನ ಕೈಯಲ್ಲಿಲ್ಲ. ತಮ್ಮ ದಿನವನ್ನು ಹಿಂದೆ ತರುವುದು ತಮ್ಮ ಕೈಯಲ್ಲಿದೆ. ಆ ಒಂದು ಸಾಲಿನ ಆದೇಶವನ್ನು ಬರೆದು ಕಳಿಸಿ. ಈ ಸಲ ಇಬ್ಬರೂ ಓದಿಯೇ ಸಹಿ ಹಾಕುತ್ತೇವೆ.

ಇಂತಿ,
ತನ್ನ ಮನೆಯ ಬಾಗಿಲಿಗೆ ತಾನೇ ನೋಟಿಸು ಅಂಟಿಸಿ ಬಂದ
ಜಯಶ್ರೀ
ಅಂಗನವಾಡಿ ಕಾರ್ಯಕರ್ತೆ, ತೋಡೂರು
(ಗರ್ಭಿಣಿ, ಮೂವತ್ನಾಲ್ಕನೇ ವಾರ)